ಬೆಟ್ಟದ ತಳ ಕೊಯ್ದದ್ದು

ಥೂ! ಆ ಗಾಜಿನ ತೊಟ್ಟಿ ನೆನೆಸಿಕೊಂಡರೆ ಈಗಲೂ ಹೇಸಿಗೆ ಆಗುತ್ತೆ.

ನಾನು ವಿಜ್ಞಾನ ಸಂಗ್ರಹಾಲಯದಲ್ಲಿ ಬಡಗಿ. ಒಂಬತ್ತು ವರ್ಷದಿಂದ ಹಂಗಾಮಿ. ಅಲ್ಲಿನ ನಿರ್ದೇಶಕರು ನಮ್ಮಕ್ಕನ ಗಂಡ. ನನ್ನ ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವರೂ ಈ ಭಾವನೇ. "ಹೊಸ ಪ್ರದರ್ಶನ ಮುಗಿಸಿಕೊಡು, ಹಾಕ್ತೀನಿ" ಅಂದಿದ್ದರು.

"ಅಪ್ಪಾ, ಬೆಟ್ಟ ಅಷ್ಟು ಭಾರ ಇದ್ರೂ ನೆಲ ಯಾಕೆ ಕುಸಿದುಹೋಗಲ್ಲ?" ಅಂತ ಮಗಳು ಕೇಳಿದ್ದಳು. ಅದಕ್ಕೇ ಪ್ರದರ್ಶನದ ಈ ಮಾದರಿಗೆ ಜೀವ ತೇದಿದ್ದೆ. ತೊಟ್ಟಿ ತುಂಬ ಮಂದವಾದ ಎಣ್ಣೆ, ಅದು ಭೂಮಿಯೊಳಗೆ ಮೆಲ್ಲಗೆ ಹರಿಯುವ ಬಿಸಿಬಂಡೆಯ ಪದರ. ಅದರ ಮೇಲೆ ತೇಲುವ ಮರದ ತುಂಡುಗಳು ನಾವು ಓಡಾಡುವ ನೆಲ. ಗಿಡ್ಡದ್ದು ಬಯಲು, ಉದ್ದದ್ದು ಬೆಟ್ಟ. ಬೆಟ್ಟ ಮೇಲೆ ಒಂದು ಗೇಣು ಕಂಡರೆ ಒಳಗೆ ಎರಡು ಗೇಣು ಮುಳುಗಿರುತ್ತೆ. ಆ ಮುಳುಗಿದ ಭಾಗವೇ ಬೆಟ್ಟವನ್ನ ಎತ್ತಿ ಹಿಡಿಯೋದು. ಮಗಳಿಗೆ ಮನೆಯ ಬಕೆಟ್ಟಿನಲ್ಲೇ ತೋರಿಸಿ, "ದೊಡ್ಡದನ್ನ ಅಲ್ಲಿಗೇ ಬಂದು ನೋಡುವಿಯಂತೆ" ಅಂದಿದ್ದೆ.

ಭಾವ ಬಂದು ಬಗ್ಗಿ ನೋಡಿದರು. "ಏನಯ್ಯಾ ಇದು, ಕೆಳಗಡೆ ಉಬ್ಬುಹಲ್ಲಿನ ಥರ? ದೊಡ್ಡ ದೊಡ್ಡವರು ಬರ್ತಾರೆ. ತಳ ಎಲ್ಲ ಒಂದೇ ಸಮ ಇರ್ಲಿ."

"ಭಾವ, ಇದರ ವಿಷಯವೇ ಅದು."

"ನನಗೇ ಪಾಠ ಹೇಳ್ತೀಯಾ? ಕೊಯ್ಯಿ."

ಕೊಯ್ದೆ. ಬೆಟ್ಟ ಅಷ್ಟು ಕೆಳಗಿಳಿದು ಕೂತಿತು, ತಳ ಮತ್ತೆ ಬಯಲಿಗಿಂತ ಕೆಳಗೇ! "ಇನ್ನೊಂಚೂರು ಕೊಯ್ಯಿ" ಅಂದರು. ಕೊಯ್ದೆ, ಇನ್ನೊಂಚೂರು ಇಳಿಯಿತು. ಐದನೇ ಸಲಕ್ಕೆ ತಳವೇನೋ ಸಮವಾಯಿತು, ಬೆಟ್ಟವೂ ಬಯಲಿನಷ್ಟೇ ಆಗಿತ್ತು.

"ಬೆಟ್ಟ ಎಲ್ಲಯ್ಯಾ?"

ನಿಮ್ಮ ತಲೆ ಮೇಲೆ, ಅನ್ನಬೇಕಿತ್ತು. ಕೊಯ್ದ ಚೂರುಗಳನ್ನ ತೋರಿಸಿದೆ.

"ಕೊಯ್ದಿದ್ದನ್ನೆಲ್ಲ ಮೇಲೆ ಅಂಟಿಸು."

ಅಂಟಿಸಿದೆ. ಆ ಭಾರಕ್ಕೆ ಅದು ಮೊದಲಿನಷ್ಟೇ ಮುಳುಗಿ, ಮತ್ತೆ ಹಲ್ಲು ಕಿಸಿಯಿತು. ಒಂದು ಮರದ ತುಂಡಿಗಿದ್ದ ಬುದ್ಧಿ ಈ ಮನುಷ್ಯನಿಗಿಲ್ಲವಲ್ಲ ಅಂತ ಮೈಯೆಲ್ಲ ಉರಿಯಿತು.

ಭಾವನ ಮುಖ ಕೆಂಪಾಯಿತು. "ಹಾಳಾಗಲಿ! ಎಣ್ಣೆ ಖಾಲಿ ಮಾಡು. ತಳ ಕೊಯ್ದು ಹಲಗೆಗೆ ಮೊಳೆ ಹೊಡಿ, ಕೆಳಗೆ ಕೆಂಪು ಬಣ್ಣ ಬಳಿ." ಹಾಗಂದು ನನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿದರು.

ಅವರ ಬುದ್ಧಿಗೆ ಅಸಹ್ಯಪಡುತ್ತಲೇ ನಾನು ಸುತ್ತಿಗೆ ತಗೊಂಡೆ. ಒಂದೊಂದು ಮೊಳೆಯನ್ನೂ ನಾನೇ ಹೊಡೆದೆ.

ಪ್ರದರ್ಶನದ ದಿನ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಮಗಳು ಓಡಿಬಂದು ಬೆಟ್ಟದ ಮೇಲೆ ಅಂಗೈ ಇಟ್ಟು ಒತ್ತಿದಳು. ಅದು ಅಲ್ಲಾಡಲಿಲ್ಲ. ಬಗ್ಗಿ ಕೆಳಗೆ ನೋಡಿದಳು.

"ಚೆನ್ನಾಗಿದೆ ಅಲ್ವಾ ಪುಟ್ಟಿ?" ಅಂದರು ಭಾವ. "ನಿಮ್ಮಪ್ಪನೇ ಮಾಡಿದ್ದು."

ಸಹಿ ಬಿದ್ದ ಕಾಗದ ನನ್ನ ಜೇಬಿನಲ್ಲಿತ್ತು. ಮಗಳು ನನ್ನ ಮುಖ ನೋಡಿದಳು. ನಾನು ತೊಟ್ಟಿಯ ಗಾಜು ಒರೆಸತೊಡಗಿದೆ.

"ಇಲ್ಲ ಮಾವ," ಅಂದಳು, "ನಮ್ಮಪ್ಪ ಮಾಡಿದ್ದು ತೇಲುತ್ತೆ."