ಕೊಸರಿಗೊಂದು ಬಟನ್

ಫೋನು ನಾಲ್ಕನೆಯ ಸಲ ಕೆಂಪಾಯಿತು. "ಸಂಖ್ಯೆ ಹೊಂದುತ್ತಿಲ್ಲ, ಮತ್ತೆ ನೋಡಿ" ಎಂಬ ಅಕ್ಷರಗಳ ಮೇಲೆ ಅಂಜಿನವ್ವನ ಹಿಟ್ಟು ಮೆತ್ತಿದ ಹೆಬ್ಬೆರಳು ಹಾಗೇ ನಿಂತುಬಿಟ್ಟಿತು.

"ಇದಕ್ಕೇನು ಬಂದೈತವ್ವಾ? ಸುಮ್‌ಸುಮ್ನೆ ಬೈತೈತಲ್ಲ!"

ಹರಿಹರದಲ್ಲಿ ರೊಟ್ಟಿ ಮಾಡಿ ಮಾರುವ ಅಂಜಿನವ್ವನ ಮನೆಯ ಪಡಸಾಲೆಯಲ್ಲಿ ಚಾಪೆ ಮೇಲೆ ಕೂತಿದ್ದ ರಶ್ಮಿತಾ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಆಪ್ ಬಳಸುವವರಿಗೆ ಹೇಳಿಕೊಡಬಾರದು, ಅವರು ಎಲ್ಲಿ ಎಡವುತ್ತಾರೆಂದು ಸುಮ್ಮನೆ ನೋಡಬೇಕು. ಇದು ಅವಳ ವಿದ್ಯೆಯ ಮೊದಲ ನೇಮ. ಬಾಯಿಬಡುಕಿಯೆಂದು ಮನೆಯಲ್ಲಿ ಹೆಸರಾದವಳಿಗೆ ಇಂಥ ಕೆಲಸವೇ ಸಿಗಬೇಕೆ!

ದಾವಣಗೆರೆಯ ವಿದ್ಯಾನಗರದಲ್ಲಿ ಕೊಟ್ಟೂರೇಶ್ ಎಂಬುವರು ಪುಟ್ಟ ಕಂಪನಿ ತೆರೆದಿದ್ದರು. ಮನೆಯಲ್ಲಿ ರೊಟ್ಟಿ, ಚಟ್ನಿಪುಡಿ ಮಾಡುವ ಹೆಂಗಸರು ಫೋನಿನಲ್ಲೇ ಮಾರಾಟ ಮಾಡಲಿ ಎಂದು 'ಬುತ್ತಿ' ಎಂಬ ಆಪ್ ಮಾಡಿಸುತ್ತಿದ್ದರು. ಅದರ ಪರದೆ, ಬಣ್ಣ, ಯಾವ ಬಟನ್ ಎಲ್ಲಿರಬೇಕು ಎಂಬುದೆಲ್ಲ ರಶ್ಮಿತಾಳ ಕೈಯದು. ಐದು ತಿಂಗಳಿಂದ ಕನಸಿನಲ್ಲೂ ಬಟನ್ ಜರುಗಿಸುತ್ತಿದ್ದಳು. ಬರುವ ಸೋಮವಾರ ಬುತ್ತಿ ಶುರುವಾಗಬೇಕು. ಅಂಜಿನವ್ವ ಹೂಂ ಅಂದರೆ ಅವಳ ಹಿಂದೆ ಹರಿಹರದ ರೊಟ್ಟಿ ಮಾಡುವ ಹದಿನಾಲ್ಕು ಮನೆಗಳು ಬರುತ್ತವೆ. ಅನ್ನದಿದ್ದರೆ ಬುತ್ತಿಯಲ್ಲಿ ಬಟನ್‌ಗಳು ಮಾತ್ರ ಉಳಿಯುತ್ತವೆ, ರೊಟ್ಟಿ ಇರುವುದಿಲ್ಲ.

ನೇಮ ಐದನೆಯ ಸಲಕ್ಕೆ ಮುರಿಯಿತು.

"ಅಜ್ಜಿ, ಈ ಟ್ರಯಲ್ ಆರ್ಡರ್ ಇಪ್ಪತ್ತು ರೊಟ್ಟಿಗೆ ಐತ್ರಿ. ನೀವು ಇಪ್ಪತ್ತೆರಡು ಇಟ್ಟೀನಿ ಅಂತ ಒತ್ತಾಕತ್ತೀರಿ."

"ಇಟ್ಟೀನಲ್ಲ ಮತ್ತೆ."

"ಯಾಕ ಇಟ್ರಿ?"

ಸಾರಿಗೆ ಉಪ್ಪು ಯಾಕೆ ಎಂದು ಕೇಳಿದ ಮಗುವನ್ನು ನೋಡುವಂತೆ ಅಂಜಿನವ್ವ ಅವಳನ್ನು ನೋಡಿದಳು. "ಕೊಸರು ಬ್ಯಾಡೇನು? ಮನೆಗೆ ಬಂದ ಗಿರಾಕಿಗೆ ಎಣಿಸಿದಷ್ಟೇ ಕೊಟ್ಟು ಕಳಿಸ್ತಾರೇನು?"

"ಇಪ್ಪತ್ತೆರಡು ಇಟ್ಟು ಇಪ್ಪತ್ತು ಅಂತ ಒತ್ತಿಬಿಡ್ರಿ, ಸಾಕು."

"ಎಷ್ಟಿಟ್ಟಿ ಅಂತ ಅದು ಕೇಳ್ತೈತೆ, ನಾನು ಸುಳ್ಳು ಒತ್ತಲೇನು?"

ಅಂಜಿನವ್ವ ಕಟ್ಟಿನಿಂದ ಎರಡು ರೊಟ್ಟಿ ತೆಗೆದು ರಶ್ಮಿತಾಳ ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ, ಇಪ್ಪತ್ತು ಎಂದು ಒತ್ತಿದಳು. ಫೋನು ಹಸಿರಾಯಿತು. ಮುದುಕಿಯ ಮುಖ ಮಾತ್ರ ಹಸಿರಾಗಲಿಲ್ಲ.

"ಕೈ ಬಿಗಿ ಹಿಡಿ ಅಂತ ಕಲಿಸೋ ಫೋನು ಇದು. ನನಗೆ ಒಗ್ಗಂಗಿಲ್ಲ ಬಿಡವ್ವ. ಇರ್ಲಿ, ಉಂಡು ಹೋಗು."

ಬೈದಿದ್ದರೆ ರಶ್ಮಿತಾ ತಡೆದುಕೊಳ್ಳುತ್ತಿದ್ದಳು. ಆ ಅಕ್ಕರೆಯ ಮಾತನ್ನು ತಡೆದುಕೊಳ್ಳಲಾಗದೆ, ಉಂಡವಳೇ ಚೀಲ ಹೆಗಲಿಗೇರಿಸಿ ದಾವಣಗೆರೆಯ ಬಸ್ಸು ಹತ್ತಿದಳು.

ಆಫೀಸಿನಲ್ಲಿ ಕೊಟ್ಟೂರೇಶ್ ಕಥೆಯನ್ನೆಲ್ಲ ಕೇಳಿ, ಚೀಲದೊಳಗಿನ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ನಕ್ಕರು. "ಇಷ್ಟೇ ಏನ್ರಿ? 'ಇಪ್ಪತ್ತಕ್ಕೆ ಎರಡು ಫ್ರೀ' ಅಂತ ದಪ್ಪಗೆ ಹಾಕಿಬಿಡ್ರಿ. ಅಜ್ಜಿಗೂ ಖುಷಿ, ಗಿರಾಕಿಗೂ ಖುಷಿ."

ರಶ್ಮಿತಾಳಿಗೂ ಸರಿಯೆನಿಸಿತು. ಗಂಟೆಯೊಳಗೆ ಹಳದಿ ಪಟ್ಟಿ ತಯಾರು. ಮರುದಿನ ಬೆಳಿಗ್ಗೆ ಮೊದಲು ಸಿಕ್ಕ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಬಹುಮಾನ ತಂದ ಹುಡುಗಿಯ ಹಾಗೆ ಫೋನು ಮುಂದೆ ಹಿಡಿದಳು.

ಅಂಜಿನವ್ವ ಓದಿಸಿಕೊಂಡು ಕೇಳಿ, ಅಡ್ಡಡ್ಡ ತಲೆ ಆಡಿಸಿದಳು. "ಮೊದ್ಲೇ ಹೇಳಿ ಕೊಟ್ರೆ ಅದು ಕೊಸರು ಹೆಂಗಾಗ್ತೈತೆ? ಗಿರಾಕಿ ಇಪ್ಪತ್ತೆರಡು ಬಂತೇನು ಅಂತ ಎಣಿಸ್ಕಂತ ಕೂಡ್ತಾಳೆ. ಅದರ ಮ್ಯಾಲೆ ನಾನು ಇನ್ನೆರಡು ಇಡ್ಬೇಕಾಗ್ತೈತೆ. ಮುಗಿಯಾದೆಲ್ಲಿಗೆ?"

ರಶ್ಮಿತಾಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಹಿಂದಿನ ಓಣಿಯ ನಿರ್ಮಲಮ್ಮ ಹತ್ತು ರೊಟ್ಟಿಗೆ ಬಂದರು.

"ಬರ್ರಿ, ಕೂಡ್ರಿ. ಮಗಳು ಬಂದಾಳಂತೆ?"

"ಹೂಂ, ನಿನ್ನೆ ಬಂದ್ಲು. ರೊಟ್ಟಿ ರೊಟ್ಟಿ ಅಂತ ಒಂದೇ ಸಮ."

ಅಂಜಿನವ್ವ ಬಾಯಿಬಿಟ್ಟು ಎಣಿಸಿ ಹತ್ತು ರೊಟ್ಟಿ ಕಟ್ಟಿದಳು. ಕಟ್ಟಿದ ಮೇಲೆ ಏನೋ ನೆನಪಾದವಳಂತೆ ಮತ್ತೆ ಗಂಟು ಬಿಚ್ಚಿ, ಇನ್ನೊಂದು ರೊಟ್ಟಿ ಇಟ್ಟು, ಕಾಗದದಲ್ಲಿ ಒಂದು ಹಿಡಿ ಶೇಂಗಾ ಚಟ್ನಿಪುಡಿ ಸುತ್ತಿ ಅದರ ಪಕ್ಕಕ್ಕೆ ಸೇರಿಸಿದಳು. ಅಷ್ಟು ಹೊತ್ತೂ ನಿರ್ಮಲಮ್ಮ ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು. ಬೀದಿಯಲ್ಲಿ ನಿಂತ ಒಂದು ಆಟೋ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಅವರು ಆ ಆಟೋವನ್ನು ಕೊಂಡುಕೊಳ್ಳುವವರ ಹಾಗೆ ನೋಡುತ್ತಿದ್ದರು. ಗಂಟು ಕೈಗೆ ಬಂದ ಮೇಲೆಯೇ ತಿರುಗಿ, "ಬರ್ತೀನಿ ಅಂಜಿನವ್ವ" ಎಂದು ಹೊರಟರು.

ರಶ್ಮಿತಾ ಬೆರಗಾಗಿ ನೋಡಿದಳು. ಐದು ತಿಂಗಳು ಎಷ್ಟೆಲ್ಲ ಓದಿ, ಎಷ್ಟೊಂದು ಜನರನ್ನು ಪ್ರಶ್ನೆ ಕೇಳಿದ್ದಳು. ಕೊಸರನ್ನು ಇಡುವವಳು ಹೇಳುವುದಿಲ್ಲ, ಕೊಳ್ಳುವವಳು ನೋಡುವುದಿಲ್ಲ; ಅಂಗಡಿಯೆಂದರೆ ಏನೆಂದು ಈಗ ಕಣ್ಣಿಗೆ ಬಿದ್ದಿತ್ತು. ವಾಪಸು ಬರುವಾಗ ಬಸ್ಸಿನ ಕುಲುಕಾಟದಲ್ಲೇ ನೋಟ್‌ಬುಕ್ಕಿನಲ್ಲಿ ಸೊಟ್ಟಸೊಟ್ಟಗೆ ಒಂದು ಪರದೆ ಬರೆದಳು.

ಎಣಿಕೆ ಮುಗಿದು ಫೋನು ಹಸಿರಾದ ಮೇಲೆ ಮಾರುವವರಿಗೆ ಮಾತ್ರ ಕಾಣುವ ಪರದೆ ಅದು. ಅಲ್ಲಿ ಅಂಕಿಯಿಲ್ಲ, ಬೆಲೆಯಿಲ್ಲ. ಒಂದು ಕೈಯ ಚಿತ್ರ, "ಇನ್ನೇನಾದರೂ ಇಡ್ತೀರಾ?" ಎಂಬ ಒಂದು ಸಾಲು, "ಇಟ್ಟೆ" ಎಂಬ ಒಂದು ಬಟನ್, ಅಷ್ಟೇ.

"ಇದನ್ನ ಒತ್ತಿದ್ರೆ ಏನಾಗ್ತೈತ್ರಿ?" ಆಫೀಸಿನಲ್ಲಿ ಕೊಟ್ಟೂರೇಶ್ ಕೇಳಿದರು.

"ಏನೂ ಆಗಲ್ಲ ಸರ್. ಬಿಲ್ಲಿಗೆ ಹೋಗಲ್ಲ, ಗಿರಾಕಿಗೆ ಮೆಸೇಜ್ ಹೋಗಲ್ಲ. ನಮಗೂ ಗೊತ್ತಾಗಲ್ಲ."

"ಏನೂ ಮಾಡದ ಬಟನ್ನಿಗೆ ನಾನು ಸಂಬಳ ಕೊಡ್ಬೇಕಾ ತಾಯಿ?" ಎಂದು ಅವರು ಕೈಮುಗಿದರು. ಆಮೇಲೆ ಅಜ್ಜಿಯ ರೊಟ್ಟಿಯಲ್ಲಿ ಡಬ್ಬಿಯೊಳಗೆ ಎತ್ತಿಟ್ಟಿದ್ದ ಕೊನೆಯ ಚೂರು ತೆಗೆದುಕೊಂಡು, "ಅಜ್ಜಿ ಒಪ್ಪಿದ್ರೆ ನಂದೇನೂ ತಕರಾರಿಲ್ಲ" ಎಂದರು.

ಶನಿವಾರ ಹೊಸ ಪರದೆ ತೋರಿಸಿದಾಗ ಅಂಜಿನವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ನಾಳೆ ಈ ಫೋನ್‌ನಾಗೇ ನಿಮ್ಮನೆಗೆ ಇಪ್ಪತ್ತು ರೊಟ್ಟಿ ತರಿಸ್ಕ. ಎಣಿಸಿ ಇಪ್ಪತ್ತೇ ಬಂದ್ರೆ ನನಗೆ ಒಗ್ಗಿಲ್ಲ ಅಂತ ತಿಳ್ಕ" ಎಂದಷ್ಟೇ ಹೇಳಿದಳು.

ಭಾನುವಾರ ಬೆಳಿಗ್ಗೆ ರಶ್ಮಿತಾ ಆರ್ಡರ್ ಮಾಡಿ ಫೋನು ಹಿಡಿದು ಕೂತಳು. ಹತ್ತು ಗಂಟೆಗೆ "ಇಪ್ಪತ್ತು ರೊಟ್ಟಿ ಸಿದ್ಧ" ಎಂದು ಬಂತು. ಅದರಾಚೆಗೆ ಏನಾಯಿತೋ ತಿಳಿಯುವ ದಾರಿಯೇ ಇರಲಿಲ್ಲ. ಆ ಬಾಗಿಲನ್ನು ತನ್ನ ಕೈಯಾರೆ ಮುಚ್ಚಿಟ್ಟವಳು ಅವಳೇ ತಾನೇ!

ಮಧ್ಯಾಹ್ನ ಪೊಟ್ಟಣ ಬಂತು. ತಾಯಿ ಸರ್ವಮಂಗಳಮ್ಮ ಊಟದ ಮನೆಯಲ್ಲಿ ಅದನ್ನು ಬಿಚ್ಚಿ, ಒಂದೊಂದೇ ರೊಟ್ಟಿ ಎತ್ತಿ ತಟ್ಟೆಗೆ ಇಡುತ್ತಾ ಗಟ್ಟಿಯಾಗಿ ಎಣಿಸತೊಡಗಿದರು. ರಶ್ಮಿತಾ ಬಾಗಿಲಿಗೆ ಒರಗಿ ನಿಂತಳು.

"ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು." ತಾಯಿಯ ಕೈ ಪೊಟ್ಟಣದೊಳಗೇ ತಡೆಯಿತು. ಕಾಗದ ಸರಸರ ಎಂದಿತು. "ಏ ರಶ್ಮೀ, ಇಲ್ನೋಡೇ, ತಳದಾಗೆ ಇನ್ನೂ ಏನೇನೋ ಐತಲ್ಲೇ!"

ರಶ್ಮಿತಾ ಅಷ್ಟರಲ್ಲಿ ಬೀದಿಯ ಕಡೆ ತಿರುಗಿ ನಿಂತಿದ್ದಳು. ಎದುರು ಮನೆಯ ಕಾಂಪೌಂಡಿನ ಮೇಲೆ ಯಾರೋ ಒಣಹಾಕಿದ್ದ ಒಂದು ನೀಲಿ ಟವೆಲ್ಲನ್ನು ಬಹಳ ಮನಸ್ಸಿಟ್ಟು ನೋಡುತ್ತಿದ್ದಳು.