ಗೋಮತಿ ಬೇಡವೆಂದ ಕ್ಲೀನರ್

ಸೆಂದಿಲ್‌ಕುಮಾರ್ ಬಂದವನೇ ಕಂಪ್ಯೂಟರಿನ ಮುಂದೆ ಕೂತ. ಗೋಮತಿ ಅಡುಗೆಮನೆಯಲ್ಲಿ ಅವನಿಗೆಂದೇ ಕಾಫಿ ಸೋಸುತ್ತಿದ್ದಳು. ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಅವನ ಪೆನ್‌ಡ್ರೈವ್ ಒಳಗೆ ಸೇರಿತ್ತು, ಪರದೆಯ ತುಂಬ ಕೆಂಪು ಅಕ್ಷರಗಳು ಉರಿಯುತ್ತಿದ್ದವು. ಸಾವಿರಕ್ಕೂ ಮೇಲ್ಪಟ್ಟ ತಪ್ಪುಗಳಿವೆ, ಸರಿಮಾಡಲು ಇಲ್ಲಿ ಒತ್ತಿ ಎಂದು ಅದರೊಳಗಿನ ಕ್ಲೀನರ್ ಪ್ರೋಗ್ರಾಮು ಹೇಳುತ್ತಿತ್ತು.

ಗೋಮತಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೌಸಿನ ಮೇಲೆ ಅಂಗೈ ಮುಚ್ಚಿದಳು.

"ಬೇಡ ಅಣ್ಣ."

ಸೆಂದಿಲ್‌ಕುಮಾರ್ ನಕ್ಕ. "ಏನಮ್ಮ ಬೇಡ? ಮಾವ ಫೋನ್ ಮಾಡಿ ಕರ್ದಿದಾರೆ. ರಿಜಿಸ್ಟ್ರಿ ಕಸ ತೆಗೆದು ಸುತ್ತಂ ಮಾಡಿದ್ರೆ ಕುದುರೆ ಹಂಗೆ ಓಡ್ತದೆ ನೋಡು."

ಮಾವ ಎಂದರೆ ಅಂಗಪ್ಪನ್. ಸೆಂದಿಲ್‌ಕುಮಾರ್‌ಗೆ ಸೋದರಮಾವ, ಗೋಮತಿಗೆ ಗಂಡನ ತಂದೆ. ತಮಿಳು ಸೀಮೆಯ ಸಿರುಮುಗೈ ಊರಿನಲ್ಲಿ ರೇಷ್ಮೆ ಸೀರೆ ನೇಯುವ ಕನ್ನಡದ ಮನೆಗಳಲ್ಲಿ ಅವರ ಮಾತಿಗೆ ತೂಕವಿತ್ತು. ಅವರ ಮನೆಯ ಈ ಮುಂದಿನ ಕೋಣೆಯಲ್ಲಿ ಕೂತು ಗೋಮತಿ ಸೀರೆಯ ಅಂಚು, ಸೆರಗು, ಒಡಲಿನ ಹೂಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಅವಳು ಬಿಡಿಸಿದ್ದೇ ಬೀದಿಯ ಅರ್ಧ ಮಗ್ಗಗಳ ಮೇಲೆ ಏರುತ್ತಿತ್ತು. ವಿಂಡೋಸ್ ಹತ್ತಕ್ಕೆ ಇನ್ನು ರಕ್ಷಣೆ ಇಲ್ಲವೆಂದಾದ ಮೇಲೆ ಅವಳೇ ಹೊಸ ಹನ್ನೊಂದನ್ನು ಹಾಕಿಕೊಂಡಿದ್ದಳು. ಅಂದಿನಿಂದ ಕಂಪ್ಯೂಟರ್ ಆಮೆಯಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ ಬಂದರೂ ಚಕ್ರ ಸುತ್ತುತ್ತಲೇ ಇರುತ್ತಿತ್ತು.

"ನಿಧಾನ ಅಂತ ನಾನೇ ಹೇಳಿದ್ದು ನಿಜ. ಆದ್ರೆ ಇದಕ್ಕೆ ಇದು ಮದ್ದಲ್ಲ," ಎಂದಳು.

"ಹತ್ತು ವರ್ಷದಿಂದ ಈ ರಿಪೇರಿ ವೇಲೆ ಮಾಡ್ತಿದೀನಿ. ಅವಿನಾಶೀಲಿ ನನ್ನ ಅಂಗಡಿಗೆ ಬರೋ ಎಲ್ಲ ಕಂಪ್ಯೂಟರಿಗೂ ಮೊದಲು ಇದನ್ನೇ ಓಡಿಸೋದು. ಯಾವ್ದು ಸತ್ತೋಗಿದೆ ಹೇಳು?"

ಅದೂ ಸುಳ್ಳಲ್ಲ. ಅವನು ಮೋಸಗಾರನಲ್ಲ ಎಂಬುದೇ ಗೋಮತಿಗೆ ಕಷ್ಟವಾದದ್ದು. ಮದುವೆಯಾಗಿ ಬಂದ ಹೊಸದರಲ್ಲಿ, ಡಿಪ್ಲೊಮಾ ಓದಿದ ಹುಡುಗಿ ಮಗ್ಗದ ನೂಲು ಸುತ್ತಿ ಕೂರಬಾರದೆಂದು ಮಾವನ ಹತ್ತಿರ ಜಗಳವಾಡಿ ಈ ಮನೆಗೆ ಮೊದಲ ಕಂಪ್ಯೂಟರ್ ತಂದವನು ಇವನೇ. ಅವಳು ಬಿಡಿಸಿದ ಮೊದಲ ಮಾವಿನಕಾಯಿ ಅಂಚನ್ನು ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದ. ಅಂಥವನ ಕೈ ತಡೆಯುವುದೆಂದರೆ ಬಡಿಸಿದ ಎಲೆಯನ್ನು ಎಳೆದಂತೆ.

ಆದರೂ ಅವಳು ಕೈ ತೆಗೆಯಲಿಲ್ಲ.

"ಅದು ತಪ್ಪು ಅಂತ ಹೇಳೋದ್ರಲ್ಲಿ ಒಂದನ್ನ ತೆಗೆದು ತೋರ್ಸಿ ಅಣ್ಣ. ಎಲ್ಲಾ ಬೇಡ, ಒಂದು."

ಸೆಂದಿಲ್‌ಕುಮಾರ್ ಪಟ್ಟಿಯನ್ನು ಕೆಳಗೆ ಸರಿಸಿದ. ವಿಂಡೋಸ್ ತನ್ನೊಳಗಿನ ಪ್ರತಿಯೊಂದು ಪ್ರೋಗ್ರಾಮಿನ ಜಾಗ, ಗುರುತು, ಪರವಾನಗಿಗಳನ್ನು ಜೋಡಿಸಿಟ್ಟುಕೊಳ್ಳುವ ಉಗ್ರಾಣವೇ ರಿಜಿಸ್ಟ್ರಿ. ಸಾಲು ಸಾಲಾಗಿ ಯಾವುದಾವುದೋ ಹೆಸರುಗಳು. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು. ಅವಳ ಡಿಸೈನ್ ಸಾಫ್ಟ್‌ವೇರಿನ ಹೆಸರು. ಪಕ್ಕದಲ್ಲಿ 'ಬಳಕೆಯಲ್ಲಿಲ್ಲ' ಎಂಬ ಷರಾ.

"ಬಳಕೇಲಿಲ್ವಂತೆ! ಬೆಳಿಗ್ಗೆ ಇದ್ರಲ್ಲೇ ನವಿಲು ಬಿಡಿಸ್ದೆ. ಇದ್ರ ಲೈಸೆನ್ಸು ಇಲ್ಲೇ ಕೂತಿರೋದು. ಇದನ್ನ ಮಾಡಿದ ಕಂಪನಿ ಬಾಗಿಲು ಹಾಕ್ಕೊಂಡು ಹೋಗಿದೆ. ಅಳಿಸಿಹೋದ್ರೆ ಯಾರನ್ನ ಕೇಳ್ಲಿ?"

ಅಂಗಪ್ಪನ್ ಜಗಲಿಯಿಂದ ಒಳಗೆ ಬಂದರು. "ಏನಮ್ಮ ಇದು? ಅವನ ಕೈ ಹಿಡ್ಕೊಂಡು ನಿಂತಿದೀಯ? ಅವನಿಗೆ ತಿಳೀದ್ದು ನಿನಗೆ ತಿಳಿಯುತ್ತಾ?"

"ಅಣ್ಣನಿಗೆ ತಿಳಿದಿರೋದು ಬಹಳ ಇದೆ ಮಾವ. ಇದೊಂದು ಮಾತ್ರ ಬೇಡ."

"ನಾಳೆ ಬಾಪ್ಪಾ," ಎಂದು ಅವರು ಅಳಿಯನಿಗೆ ಹೇಳಿದರು, ಸೊಸೆಯ ಕಡೆ ನೋಡದೆ. "ನಾಳೆ ಬಂದು ಮಾಡು. ನಾನು ಹೇಳ್ತಿದೀನಿ."

ಸೆಂದಿಲ್‌ಕುಮಾರ್ ಪೆನ್‌ಡ್ರೈವ್ ಕಿತ್ತುಕೊಂಡು ಎದ್ದ. ಕಾಫಿ ಕಟ್ಟೆಯ ಮೇಲೆಯೇ ಆರಿತು.

ಗೋಮತಿ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಅತ್ತೆ ಬೆಳ್ಳಿಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. "ತಿಮಿರು ಕಣೇ ನಿನಗೆ, ಸೊಕ್ಕು. ಗಂಡಸರು ನಿಂತಿರೋವಾಗ ಬೀಗ ಹಾಕ್ತೀಯ?"

"ಹಾಕ್ದೆ ಅತ್ತೆ. ತಿಮಿರು ಅಂತಲೇ ಇಟ್ಕೊಳ್ಳಿ."

ಮಧ್ಯಾಹ್ನದ ಬಸ್ಸಿನಲ್ಲಿ ಅವಳು ಮೆಟ್ಟುಪಾಳಯಂಗೆ ಹೋದಳು. ಬೇಡ ಎನ್ನುವುದು ಸುಲಭ. ಹಾಗಾದರೆ ನಿಧಾನಕ್ಕೆ ಕಾರಣವೇನೆಂದು ಮಾವ ಕೇಳಿದರೆ ಉತ್ತರ ಬೇಕಲ್ಲ. ಡಿಸೈನ್ ತೆರೆಯುವಾಗಲೆಲ್ಲ ಪೆಟ್ಟಿಗೆಯೊಳಗೆ ಡಿಸ್ಕು ಕರಕರ ಅನ್ನುವುದನ್ನು ಅವಳು ಕೇಳಿದ್ದಳು. ವಿಂಡೋಸೇ ತೋರಿಸುವ ಲೆಕ್ಕದಲ್ಲೂ ಉಳಿದ ಭಾಗಗಳೆಲ್ಲ ಕೈಕಟ್ಟಿ ಕೂತಿದ್ದರೆ ಡಿಸ್ಕೊಂದೇ ಏದುಸಿರು ಬಿಡುತ್ತಿತ್ತು. ಅದು ಹಳೆಯ ಕಾಲದ ಸುತ್ತುವ ಡಿಸ್ಕು. ಹೊಸ ವಿಂಡೋಸಿನ ಭಾರ ಅದಕ್ಕೆ ತಾಳುತ್ತಿಲ್ಲ ಎಂಬುದು ಅವಳ ಊಹೆ. ಊಹೆಯೇ ಹೊರತು ಗ್ಯಾರಂಟಿಯಲ್ಲ.

ಹೊಸ ಎಸ್‌ಎಸ್‌ಡಿ ಎಂಬ ಸುತ್ತದ, ಚುರುಕಾದ ಡಿಸ್ಕನ್ನು ತಂದು, ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಇದ್ದಹಾಗೆಯೇ ಅದಕ್ಕೆ ನಕಲು ಮಾಡಿದಳು. ಗಂಡ ನಂದಕುಮಾರ್ ಪಕ್ಕದಲ್ಲಿ ನಿಂತು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದಿದ್ದ. "ಅಪ್ಪನಿಗೆ ಏನು ಹೇಳ್ತೀಯ?" ಎಂದು ಕೇಳಿದ.

"ಮೊದಲು ಇದು ತೆರ್ಕೊಳ್ಳಿ."

ಹೊಸ ಡಿಸ್ಕಿನಿಂದ ಕಂಪ್ಯೂಟರ್ ಎದ್ದಿತು, ನಂದಕುಮಾರ್ ಕುರ್ಚಿ ಎಳೆದು ಕೂರುವುದಕ್ಕೂ ಮೊದಲೇ. ಆದರೆ ಅವಳ ಕಣ್ಣು ಡಿಸೈನ್ ಸಾಫ್ಟ್‌ವೇರಿನ ಮೇಲಿತ್ತು. ನಕಲಿನಲ್ಲಿ ಲೈಸೆನ್ಸು ಬಾರದೇ ಹೋಗಿದ್ದರೆ? ಒತ್ತಿದಳು. ನವಿಲು ಗರಿಬಿಚ್ಚಿ ನಿಂತಿತು. ಅವಳಿಗೆ ಅಳು ಬಂತು, ನಗುವೂ ಬಂತು.

ಮರುದಿನ ಸೆಂದಿಲ್‌ಕುಮಾರ್ ಬಂದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಗೋಮತಿ ಹೊಸ ಡಿಸ್ಕನ್ನು ಬಿಚ್ಚಿಟ್ಟು ಹಳೆಯದನ್ನು ಮತ್ತೆ ಜೋಡಿಸಿದ್ದಳು.

"ಕೂತ್ಕೊಳ್ಳಿ ಅಣ್ಣ. ಇದು ಹಳೇ ಡಿಸ್ಕು. ಇದ್ರಲ್ಲಿರೋದೆಲ್ಲ ನನ್ನತ್ರ ಇನ್ನೊಂದಿದೆ. ನಿಮ್ಮ ಮನಸ್ಸಿಗೆ ಬಂದಷ್ಟು ಸುತ್ತಂ ಮಾಡಿ. ಆಮೇಲೆ ಎಲ್ಲರೂ ನೋಡೋಣ."

ಅವನು ಅವಳ ಮುಖವನ್ನೊಮ್ಮೆ, ಮಾವನ ಮುಖವನ್ನೊಮ್ಮೆ ನೋಡಿದ. ಸವಾಲು ಬಿದ್ದಾಗಿತ್ತು. ಗುಂಡಿ ಒತ್ತಿದ. ಕೆಂಪು ಅಕ್ಷರಗಳು ಒಂದೊಂದಾಗಿ ಹಸಿರಾದವು. ಕೊನೆಗೆ ಅಭಿನಂದನೆಗಳು ಎಂದು ಬಂತು. ಅಂಗಪ್ಪನ್ ತಲೆದೂಗಿದರು.

"ಈಗ ಆರಿಸಿ ಹಾಕಿ ಅಣ್ಣ."

ಹಾಕಿದ. ಚಕ್ರ ಸುತ್ತಿತು. ಬೆಳ್ಳಿಯಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಮೊರ ಅರ್ಧ ತುಂಬಿದರೂ ಚಕ್ರ ಸುತ್ತುತ್ತಲೇ ಇತ್ತು. ಕೊನೆಗೊಮ್ಮೆ ಪರದೆ ತೆರೆದಾಗ ಗೋಮತಿ ಡಿಸೈನ್ ಸಾಫ್ಟ್‌ವೇರನ್ನು ಒತ್ತಿದಳು. ನವಿಲು ಬರಲಿಲ್ಲ. ಲೈಸೆನ್ಸ್ ಸಂಖ್ಯೆ ಕೊಡಿ ಎಂದು ಒಂದು ಖಾಲಿ ಚೌಕ ಬಂದು ನಿಂತಿತು.

ಸೆಂದಿಲ್‌ಕುಮಾರ್ ಅತ್ತಿತ್ತ ಒತ್ತಿ ನೋಡಿದ. ಮಾಡಿದ್ದನ್ನು ಹಿಂದಕ್ಕೆ ತರುವ ದಾರಿಯೂ ಆ ಕ್ಲೀನರಿನಲ್ಲಿತ್ತು, ಅದನ್ನೂ ಒತ್ತಿದ. ಚೌಕ ಕದಲಲಿಲ್ಲ. ಅವನ ಕಿವಿಗಳು ಕೆಂಪಾದವು.

"ಹಂಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಪೊಯ್ಯಾ, ಬರೀ ಸುಳ್ಳಾ?"

"ಪೊಯ್ಯಿ ಅಂತ ನಾನು ಹೇಳ್ಲಿಲ್ಲ. ಹಳೇ ವಿಂಡೋಸಿನಲ್ಲಿ ಏನಾಗ್ತಿತ್ತೋ ನೀವು ಕಂಡೋರು. ಈಗಿನದಕ್ಕೆ ಇದು ಬೇಕಿಲ್ಲ. ಗಳಿಸೋದು ಇಷ್ಟೇ ಇಷ್ಟು, ಕಳ್ಕೊಂಡ್ರೆ ಎಲ್ಲಾನೂ."

ಅವನು ದನಿ ತಗ್ಗಿಸಿದ. "ಬೀದಿಯ ಮನೆಗಳಿಗೆಲ್ಲ ಈ ಕ್ಲೀನರ್ ಹಾಕಿ ಕೊಡ್ತೀನಿ ಅಂತ ನೇಕಾರರ ಸಂಘದೋರಿಗೆ ಮಾತು ಕೊಟ್ಟಿದೀನಿ. ನೀನು ಹೊರಗೆ ಏನೂ ಹೇಳ್ಬೇಡಮ್ಮ."

"ಹೇಳಲ್ಲ," ಎಂದು ಅಂಗಪ್ಪನ್ ಸೊಸೆಯ ಪರವಾಗಿ ಉತ್ತರ ಕೊಟ್ಟರು. "ಮನೆ ಮಾತು ಮನೇಲಿರ್ಲಿ."

ಗೋಮತಿ ಹೊಸ ಡಿಸ್ಕನ್ನು ಜೋಡಿಸುತ್ತಿದ್ದವಳು ತಲೆಯೆತ್ತಿದಳು. "ಹೇಳ್ತೀನಿ ಮಾವ. ಅವ್ರತ್ರ ಇರೋದೂ ಇದೇ ಸಾಫ್ಟ್‌ವೇರು. ನಮ್ಮ ಮನೆ ಮಾನಕ್ಕೆ ಅವ್ರ ಡಿಸೈನು ಯಾಕೆ ಹೋಗ್ಬೇಕು?"

ಸೆಂದಿಲ್‌ಕುಮಾರ್ ಊಟ ಮಾಡದೆ ಹೊರಟುಹೋದ.

ಆ ಸಂಜೆಯೇ ಅವಳು ಮನೆ ಮನೆಗೆ ಹೋಗಿ ಹೇಳಿದಳು. ನೆರೆಮನೆಯ ನೇಕಾರ ದೇವರಾಜನ್ ಕೇಳಿಸಿಕೊಂಡ. ಇನ್ನೊಬ್ಬ ನೇಕಾರ ಕುಪ್ಪಸಾಮಿ ನಕ್ಕ: ಅವನ ಕಂಪ್ಯೂಟರಿಗೆ ಆಗಲೇ ಆ ಕ್ಲೀನರ್ ಓಡಿಸಿಯಾಗಿತ್ತು, ಏನೂ ಕೆಟ್ಟಿರಲಿಲ್ಲ. "ನಿಮ್ಮ ಮನೆ ಕಂಪ್ಯೂಟರಿಗೆ ದೃಷ್ಟಿ ಬಿದ್ದಿರ್ಬೇಕು," ಎಂದ. ಗೋಮತಿಗೆ ಮೈ ಉರಿಯಿತು. "ಇನ್ನೂ ಕೆಟ್ಟಿಲ್ಲ ಅಂದ್ರೆ ಒಳ್ಳೇದೇ. ಒಂದು ನಕಲು ಮಾಡಿಟ್ಕೊಂಡು ಆಮೇಲೆ ನಗಿ," ಎಂದು ಹೇಳಿ ಬಂದಳು. ಸಂಘದವರು ಮಾತ್ರ ಬೀದಿಗೆಲ್ಲ ಕ್ಲೀನರ್ ಹಾಕಿಸುವ ಆ ಮಾತುಕತೆಯನ್ನು ಅಲ್ಲಿಗೇ ಬಿಟ್ಟರು.

ಪೊಂಗಲ್‌ಗೆ ಸೆಂದಿಲ್‌ಕುಮಾರ್ ಬರಲಿಲ್ಲ. ಅವನು ಬಾರದ ಪೊಂಗಲ್ ಆ ಮನೆಯಲ್ಲಿ ಎಂದೂ ಆಗಿರಲಿಲ್ಲ. ಅಂಗಪ್ಪನ್ ಸೊಸೆಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಒಲೆಯ ಮುಂದೆ ಬೆಳ್ಳಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಒಂದು ಪೆಟ್ಟಿಗೆಗೋಸ್ಕರ ಮನೆ ಮಗನ್ನ ದೂರ ಮಾಡ್ಕೊಂಡ್ವಿ."

ಗೋಮತಿಗೂ ಅವನು ಬೇಕಿತ್ತು. "ನಾಳೆ ನಾನೇ ಹೋಗಿ ಕರೀತೀನಿ ಅತ್ತೆ. ಆದ್ರೆ ತಪ್ಪಾಯ್ತು ಅಂತ ಮಾತ್ರ ಹೇಳಲ್ಲ."

ಮರುದಿನ ಹಿಡಿಕೆಯಿರುವ ತೂಕುಬಟ್ಟಲಿನಲ್ಲಿ ಸಕ್ಕರೆ ಪೊಂಗಲ್ ತುಂಬಿಕೊಂಡು ಅವಿನಾಶಿಗೆ ಹೋದಳು. ಅಂಗಡಿಯಲ್ಲಿ ಒಬ್ಬ ಗಿರಾಕಿ ಕೂತಿದ್ದ. ಸೆಂದಿಲ್‌ಕುಮಾರ್ ಅವಳನ್ನು ನೋಡಿ ಬಾ ಎನ್ನಲಿಲ್ಲ. ಸ್ಟೂಲನ್ನು ಮಾತ್ರ ಕಾಲಿನಿಂದ ಮುಂದಕ್ಕೆ ತಳ್ಳಿದ. ಅವನ ಮೇಜಿನ ಮೇಲೆ ಹೊಸ ಎಸ್‌ಎಸ್‌ಡಿಗಳ ಪೊಟ್ಟಣಗಳು ಒಟ್ಟಿದ್ದವು.

"ಇದನ್ನ ಈಗ ಹಾಕ್ತಿದೀನಿ," ಎಂದ, ಅವಳ ಕಣ್ಣು ಹೋದ ಕಡೆಗೆ ನೋಡಿ. "ಓಡ್ತದೆ. ಒಪ್ಕೋತೀನಿ."

"ಆ ಕ್ಲೀನರು?"

"ಕೇಳೋರು ಕೇಳ್ತಾರೆ. ಕೆಂಪು ಹಸಿರಾಗೋದು ನೋಡಿದ್ರೆ ಅವ್ರಿಗೆ ಸಮಾಧಾನ. ಬೇಡ ಅಂದ್ರೆ ನನಗೆ ವೇಲೆ ತಿಳೀದು ಅಂತಾರೆ."

"ಅಂದ್ರೆ ಅನ್ಲಿ. ನೀವು ಬೇಡ ಅನ್ನಿ ಅಣ್ಣ."

"ನೀನು ಇಲ್ಲಿಗೂ ಬಂದು ಶುರು ಮಾಡಿದ್ಯಾ?"

"ಶುರು ಮಾಡೋಕೇ ಬಂದೆ. ಪೊಂಗಲ್ ತಿಂತಾ ಕೇಳಿ," ಎಂದು ಅವಳು ತೂಕುಬಟ್ಟಲಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

ಗಿರಾಕಿ ತನ್ನ ಲ್ಯಾಪ್‌ಟಾಪನ್ನು ಮಡಿಲಿಗೆಳೆದುಕೊಂಡು, ಇದಕ್ಕೆ ಏನು ಮಾಡಬೇಕಮ್ಮ ಎಂದು ತಮಿಳಿನಲ್ಲಿ ಕೇಳಿದ. ಗೋಮತಿ ಸ್ಟೂಲನ್ನು ಅವನ ಕಡೆಗೆ ತಿರುಗಿಸಿಕೊಂಡಳು. ಸೆಂದಿಲ್‌ಕುಮಾರ್ ಬಾಯಿ ತುಂಬ ಪೊಂಗಲ್ ಇಟ್ಟುಕೊಂಡೇ "ಏಯ್, ಅದು ನನ್ನ ಗಿರಾಕಿ!" ಎಂದು ಕೂಗಿದ.