ಗೇಜು ಒಡೆದುಹೋಯಿತು

ಎಲ್ಲಿಂದ ಶುರು ಮಾಡಲಿ? "ಹಾಲೇಶ ಗೇಜು ಒಡೆದ" ಅಂತ ಬರೆದರೆ ಕಥೆ ಮೊದಲ ಸಾಲಿಗೇ ಮುಗಿಯುತ್ತದೆ, ಹಾಲೇಶ ನನ್ನ ಜೊತೆ ಮಾತೂ ಬಿಡುತ್ತಾನೆ. "ಹಾಲೇಶನಿಂದ ಗೇಜು ಒಡೆಯಲ್ಪಟ್ಟಿತು" ಅಂದರೆ ಸಂಸ್ಕೃತ ಮೇಷ್ಟರಾಗಿದ್ದ ನಮ್ಮಪ್ಪ ತಲೆದೂಗುತ್ತಿದ್ದರು, ಬೇರೆ ಯಾರೂ ಮುಂದೆ ಓದುವುದಿಲ್ಲ. ಆದ್ದರಿಂದ ಭದ್ರಾವತಿಯಲ್ಲಿ ಎಲ್ಲರೂ ಹೇಳುವ ಹಾಗೆಯೇ ಹೇಳುತ್ತೇನೆ: ಗೇಜು ಒಡೆದುಹೋಯಿತು. ಯಾರು ಒಡೆದರು ಅಂತ ಮಾತ್ರ ಕೇಳಬೇಡಿ. ಕೇಳಿದ್ದಕ್ಕೇ ಇಷ್ಟೆಲ್ಲ ಆಗಿದ್ದು.

೧

ಅದು ತೊಂಬತ್ತೆಂಟನೇ ಇಸವಿ. ನಾನು, ಅಂದರೆ ಸತ್ಯಭಾಮಾ, ದಿನಾ ಬೆಳಿಗ್ಗೆ ದುರ್ಗಿಗುಡಿಯಿಂದ ಹೊರಟು ಬಸ್ಸು ಹತ್ತಿ ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಗೆ ಹೋಗುತ್ತಿದ್ದೆ. ಇಂಗ್ಲಿಷನ್ನು ಕನ್ನಡ ಮಾಡುವುದು, ಕನ್ನಡವನ್ನು ಇಂಗ್ಲಿಷ್ ಮಾಡುವುದು ನನ್ನ ಕೆಲಸ. ಆ ವರ್ಷ ಸ್ವೀಡನ್ನಿನ ಕಂಪನಿಯೊಂದು ಕಾರ್ಖಾನೆಯಲ್ಲಿ ಪಾಲು ತೆಗೆದುಕೊಂಡಿತು, ನಿಲ್ಸನ್ ಅನ್ನುವ ಮ್ಯಾನೇಜರ್ ಬಂದ. (ಏಕವಚನಕ್ಕೆ ಕ್ಷಮೆ ಇರಲಿ. ಅವನೇ ಕೇಳಿಕೊಂಡದ್ದು.) ಕೆಲಸಗಾರರು ಎರಡೇ ದಿನದಲ್ಲಿ ಅವನನ್ನು ನಿಲ್ಸಣ್ಣ ಮಾಡಿದರು. ನನಗೆ ಸಾರ್ ಅನ್ನಬೇಡಿ, ನಾನು ಬಂದಾಗ ಎದ್ದು ನಿಲ್ಲಬೇಡಿ ಅಂತ ಅವನು ಹೇಳಿದಾಗ ಎಲ್ಲರೂ ಎದ್ದು ನಿಂತು "ಆಯ್ತು ಸಾರ್" ಅಂದರು.

ನಿಲ್ಸಣ್ಣ ಒಂದು ಫಾರಂ ತಂದ. ಏನಾದರೂ ಒಡೆದರೆ, ಕೆಟ್ಟರೆ ಅದನ್ನು ತುಂಬಿಸಬೇಕು. ಕನ್ನಡದಲ್ಲೂ ಅಚ್ಚಾಗಿ ಬಂತು, ಮೂರು ಕಾಲಂ. ಏನಾಯಿತು? ತಪ್ಪು ಮಾಡಿದವರು ಯಾರು? ಮುಂದೆ ಹೀಗಾಗದಂತೆ ಏನು ಮಾಡಬೇಕು? ಬರೆದವರಿಗೆ ಶಿಕ್ಷೆ ಇಲ್ಲ, ಧನ್ಯವಾದ ಹೇಳಲಾಗುವುದು ಅಂತ ಕೆಳಗೆ ದಪ್ಪ ಅಕ್ಷರದಲ್ಲಿತ್ತು. ಮೂರು ತಿಂಗಳಲ್ಲಿ ಎರಡನೇ ಕಾಲಂನಲ್ಲಿ ಸಿಕ್ಕಿಬಿದ್ದ ಅಪರಾಧಿಗಳು: ಕರೆಂಟು, ಗ್ರಹಚಾರ, ಹಳೇ ಬೋಲ್ಟು. ಒಂದರಲ್ಲಿ "ಅಮಾವಾಸ್ಯೆ" ಅಂತಲೂ ಇತ್ತು.

"ಹೆಸರು ಬರೆದ್ಮೇಲೆ ಥ್ಯಾಂಕ್ಸ್ ಕೊಡ್ತಾರೋ ಮೆಮೋ ಕೊಡ್ತಾರೋ ಯಾರಿಗ್ ಗೊತ್ತು ಮೇಡಂ?" ಅಂದರು ಫೋರ್‌ಮನ್ ಬೀರಪ್ಪ. "ಇಪ್ಪತ್ತೆರಡು ವರ್ಷದಲ್ಲಿ ನಾನು ಮೆಮೋ ಮಾತ್ರ ನೋಡಿರೋದು."

೨

ಈಗ ಹಾಲೇಶ. ಹೊಳಲೂರಿನವನು, ಬೀರಪ್ಪನವರ ಕೈಕೆಳಗೆ ಎರಡು ವರ್ಷದಿಂದ ಟ್ರೈನಿ. ಎರಕದ ಅಳತೆ ನೋಡುವ ಗೇಜು ಸ್ವೀಡನ್ನಿಂದ ಬಂದದ್ದು, ಇಡೀ ಕಾರ್ಖಾನೆಗೆ ಒಂದೇ. ಸೋಮವಾರ ಕಪಾಟಿನಿಂದ ತೆಗೆಯುವಾಗ ಅದು ಕೆಳಗೆ ಬಿತ್ತು. ಹಾಲೇಶ ಫಾರಂ ತುಂಬಿಸಿದ. ಏನಾಯಿತು? ಗೇಜು ಒಡೆದುಹೋಯಿತು. ತಪ್ಪು ಮಾಡಿದವರು ಯಾರು? ಗೇಜು.

ನಿಲ್ಸಣ್ಣನಿಗೆ ಮೊದಲ ಸಲ ಸಿಟ್ಟು ಬಂತು. ಅವನ ಮೇಜಿನ ಮೇಲೆ ಹನ್ನೊಂದು ಟ್ರೈನಿಗಳನ್ನು ಪರ್ಮನೆಂಟ್ ಮಾಡುವ ಪಟ್ಟಿ ಇತ್ತು, ಹಾಲೇಶನ ಹೆಸರೂ ಅದರಲ್ಲಿತ್ತು. ಶುಕ್ರವಾರದೊಳಗೆ ಸಹಿ ಬೀಳದಿದ್ದರೆ ಹನ್ನೊಂದು ಜನವೂ ಮನೆಗೆ. ಏನು ನಡೆಯಿತು ಅಂತ ಬಾಯಿಬಿಟ್ಟು ಹೇಳಲಾಗದವರನ್ನು ನಾನು ಪರ್ಮನೆಂಟ್ ಮಾಡುವುದಿಲ್ಲ ಅಂದ, ಇಡೀ ಪಟ್ಟಿಯನ್ನೇ ಪಕ್ಕಕ್ಕಿಟ್ಟ.

೩ (ಹರಿದುಹಾಕಿದ ಪ್ರತಿಗಳು)

ಹಾಲೇಶ ಎದೆಯುಬ್ಬಿಸಿ ನಿಂತು "ನಾನೇ ಒಡೆದದ್ದು" ಎಂದ. ಉಳಿದ ಹತ್ತು ಜನ ಚಪ್ಪಾಳೆ ತಟ್ಟಿದರು.

ಇಷ್ಟನ್ನು ಫೋನಿನಲ್ಲಿ ಹಾಲೇಶನಿಗೆ ಓದಿ ಹೇಳಿದೆ. ಅವನೀಗ ವಿನೋಬನಗರದಲ್ಲಿದ್ದಾನೆ. (ಪಾತ್ರಗಳ ಮನೆಗೆ ಫೋನ್ ಕನೆಕ್ಷನ್ ಕೊಡಲೇಬಾರದು.)

"ಎದೆ ಉಬ್ಸೋದಾ? ನಾನ್ಯಾವತ್ತು ಉಬ್ಸಿದ್ದೆ? ಒಡೆದೆ ಅಂದ್ರೆ ಬೇಕಂತ್ಲೇ ಒಡೆದ ಹಾಗಾಗಲ್ವಾ? ಯಾರಾದ್ರೂ ಬೇಕಂತ ಒಡೀತಾರಾ ಮಾರಾಯ್ತಿ... ಸಾರಿ ಮೇಡಂ, ಬಾಯ್ತಪ್ಪಿ ಬಂತು."

(ಗಮನಿಸಿ: ಬಾಯಿ ತಪ್ಪಿತು, ಅವನಲ್ಲ.)

ಎರಡನೇ ಪ್ರತಿಯಲ್ಲಿ ನಿಲ್ಸಣ್ಣನನ್ನು ವಿಲನ್ ಮಾಡಿದೆ. ಒಂದೂವರೆ ಪುಟ ಚೆನ್ನಾಗಿಯೇ ಗದರಿದ. ಆಮೇಲೆ ಊಟದ ಹೊತ್ತಾಯಿತು, ತಟ್ಟೆ ಹಿಡಿದು ಕ್ಯಾಂಟೀನಿನ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಹೋಗಿ ನಿಂತುಬಿಟ್ಟ. ಮುಂದಿದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ಅವನೇ ಮೊದಲನೆಯವನಾದ, ಪಾಪ, ನಾಚಿಕೆಯಿಂದ ಕೆಂಪಾದ. ಅಂಥವನನ್ನು ವಿಲನ್ ಮಾಡುವುದು ನನ್ನ ಕೈಲಿ ಆಗಲಿಲ್ಲ.

೪

ನಡೆದದ್ದು ಹೀಗೆ. ಗುರುವಾರ ಮಧ್ಯಾಹ್ನ ಹಾಲೇಶ ನನ್ನ ಮೇಜಿನ ಹತ್ತಿರ ಬಂದ, ಹಿಂದೆ ಬೀರಪ್ಪ. ಎರಡನೇ ಕಾಲಂನಲ್ಲಿ "ಗೇಜು" ಹೊಡೆದುಹಾಕಿ ಹೊಸದಾಗಿ ಬರೆದಿದ್ದ: "ನನ್ನ ಕೈಯಿಂದ ಒಡೆದುಹೋಯಿತು."

ಇದನ್ನು ಇಂಗ್ಲಿಷ್ ಮಾಡುವುದು ಹೇಗೆ? "ನಾನು ಒಡೆದೆ" ಅಂತ ಮಾಡಿದರೆ ಅವನು ಹೇಳದ್ದನ್ನು ನಾನು ಒಪ್ಪಿಸಿದ ಹಾಗೆ. "ಒಡೆಯಿತು" ಅಂದರೆ ಹನ್ನೊಂದು ಜನ ಬೀದಿಗೆ. ಮಾಡಿದವನನ್ನೂ ಬರೆದವನನ್ನೂ ನಮ್ಮ ಭಾಷೆ ಒಂದೇ ಹೆಸರಿನಿಂದ ಕರೆಯುತ್ತದೆ, ಕರ್ತೃ. ಆ ಹೆಸರು ಯಾರ ತಲೆಗೆ ಕಟ್ಟಲಿ ಅಂತ ತಿಳಿಯದೆ ಮೂವರೂ ನಿಲ್ಸಣ್ಣನ ಕೋಣೆಗೆ ಹೋದೆವು. ಪದ ಪದವಾಗಿ ಬಿಡಿಸಿ ಹೇಳಿದೆ: ನನ್ನ, ಕೈಯಿಂದ, ಒಡೆದು, ಹೋಯಿತು.

"ಎಲ್ಲಿಗೆ ಹೋಯಿತು?" ಅಂತ ಕೇಳಿದ ನಿಲ್ಸಣ್ಣ.

ಎಲ್ಲಿಗೂ ಇಲ್ಲ, ನಮ್ಮಲ್ಲಿ ಹಾಗನ್ನುವುದು ರೂಢಿ ಅಂದೆ.

"ಕೈ ಇವನದೇ ತಾನೆ? ಅದನ್ನು ಹೇಳಲು ನಾಲ್ಕು ದಿನ ಯಾಕೆ?"

ಎರಡನೇ ಕಾಲಂನ ಹೆಡ್ಡಿಂಗ್ ತೋರಿಸಿದೆ. ಅದರ ಅರ್ಥ ಹೇಳು ಅಂದ. ಹೇಳಿದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನಾನು ಕೇಳಿದ್ದು, ಆಗ ಅಲ್ಲಿ ಯಾರಿದ್ದರು ಅಂತ. ಇದ್ದವರಿಗೆ ತಾನೆ ಹೇಗೆ ಬಿತ್ತು ಅಂತ ಗೊತ್ತಿರೋದು?"

ಆಮೇಲೆ ಹಾಲೇಶನನ್ನು ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ, ಗೇಜು ಹೇಗೆ ತೆಗೆಯುತ್ತೀಯ ತೋರಿಸು ಅಂದ. ಹಾಲೇಶ ತುದಿಗಾಲಲ್ಲಿ ನಿಂತು ಕೈ ಚಾಚಿದ. ಹಲಗೆಗೆ ಬೆರಳ ತುದಿ ಮಾತ್ರ ತಾಗಿತು. ಆ ಹಲಗೆಯನ್ನು ಅಷ್ಟು ಎತ್ತರಕ್ಕೆ ಹೊಡೆಸಿದ್ದು ಆರಡಿ ನಾಲ್ಕಿಂಚಿನ ನಿಲ್ಸಣ್ಣನೇ. ಅವನು ಫಾರಂ ಇಸಿದುಕೊಂಡು ಹಾಲೇಶನ ಸಾಲಿನ ಕೆಳಗೆ ತನ್ನ ಹೆಸರನ್ನೂ ಬರೆದ, ಹಾಲೇಶನಿಗೆ ಥ್ಯಾಂಕ್ಸ್ ಹೇಳಿದ. ಕೋಣೆಗೆ ವಾಪಸ್ ಬಂದು ಹನ್ನೊಂದು ಜನರ ಪಟ್ಟಿಗೆ ಸಹಿ ಹಾಕಿದ.

ಬೀರಪ್ಪ ಅವನೆದುರಿನ ಕುರ್ಚಿಯಲ್ಲಿ ಕೂತುಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮ್ಯಾನೇಜರ ಎದುರು ಅವರು ಕೂತದ್ದು ಅದೇ ಮೊದಲು. ಹಾಲೇಶ ಹೊರಗೆ ನಲ್ಲಿಯ ಹತ್ತಿರ ಹೋಗಿ ತುಂಬ ಹೊತ್ತು ಮುಖ ತೊಳೆದ. ನನಗೂ ಉಸಿರು ಬಂದಂತಾಯಿತು, ಬಸ್ಸಿನಲ್ಲಿ ದುರ್ಗಿಗುಡಿಯವರೆಗೂ ಒಬ್ಬಳೇ ನಗುತ್ತಿದ್ದೆ.

೫

ಇಲ್ಲಿಗೆ ನಿಲ್ಲಿಸಬಹುದು. ಅಥವಾ ಮರುದಿನದಿಂದ ಎಲ್ಲರೂ ಸತ್ಯವಂತರಾಗಿ ಫಾರಂ ತುಂಬಿದರು ಅಂತ ಮುಗಿಸಬಹುದು (ತುಂಬಲಿಲ್ಲ, "ನಮ್ಮ ಕೈಯಿಂದ" ಅಂತ ಬಹುವಚನದಲ್ಲಿ ಬರೆಯತೊಡಗಿದರು). ಯಾವುದನ್ನು ಇಡಲಿ ಅಂತ ಹಾಲೇಶನನ್ನೇ ಕೇಳಿದೆ.

"ಯಾವ್ದಾದ್ರೂ ಇಡಿ ಮೇಡಂ, ಕೆಲಸ ಉಳೀತಲ್ಲ. ಒಂದೇ ಡೌಟು. ಸಾಹೇಬ್ರು ಕೇಳಿದ್ದು ಯಾರಿದ್ರು ಅಂತ. ಫಾರಂನಲ್ಲಿ ತಪ್ಪು ಮಾಡಿದೋರು ಯಾರು ಅಂತ ಬಂದಿದ್ದು ಹೆಂಗೆ?"

"ಅನುವಾದದಲ್ಲಿ ಹಾಗಾಗಿಬಿಟ್ಟಿತ್ತು" ಅಂದೆ. ಅವತ್ತು ನಿಲ್ಸಣ್ಣನಿಗೆ ಹೇಳಿದ್ದೂ ಇದನ್ನೇ.

ಹಾಲೇಶ ಆ ಮಾತನ್ನು ತಾನೂ ಒಂದು ಸಲ ಹೇಳಿ ನೋಡಿದ. ಆಮೇಲೆ ನಕ್ಕ, ಎಷ್ಟು ನಕ್ಕನೆಂದರೆ ಒಳಗಿಂದ ಅವನ ಹೆಂಡತಿ ವಿಮಲಾ ಏನಾಯ್ತು ಅಂತ ಕೂಗಿದ್ದು ನನಗೂ ಕೇಳಿಸಿತು.

"ಒಂದು ಫಾರಂ ಕಳಿಸ್ಲಾ ಮೇಡಂ?"

ಆದ್ದರಿಂದ ಈ ಕಥೆಯನ್ನು ಮುಗಿಸುತ್ತಿಲ್ಲ. ಹೊಸ ಹಾಳೆ ತೆಗೆದುಕೊಂಡು "ಆ ಹೆಡ್ಡಿಂಗನ್ನು ನಾನು" ಅನ್ನುವವರೆಗೆ ಬರೆದಿದ್ದೇನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅದೊಂದು ಅನುಕೂಲ.